ಗಾಡಿದಾರಿ, ಮೊಬೈಲು ಮತ್ತೆ ಜಕ್ಕಿಯಬ್ಬೆ

ಜಿಯೋಕ್ಯಾಶಿಂಗ್ ಅಂತ ಒಂದು ಆಟ ಐತೆ, ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತೋ ಕಾಣೆ. ನಾವು ಸಣ್ಣೋರಿದ್ದಾಗ ಬಳೆಚೂರು ಮಣ್ಣಿನ ಗುಪ್ಪೇಲಿ ಮುಚ್ಚಿಟ್ಟು "ಹುಡುಕು ನೋಡಾನ" ಅಂತಿದ್ವಲ್ಲ, ಹತ್ತಿರತ್ತಿರ ಅದೇ ಆಟ, ದೊಡ್ಡೋರು ಆಡೋದು. ಒಬ್ರು ಎಲ್ಲಾದ್ರೂ ಒಂದು ಡಬ್ಬಿ ಇಟ್ಟು ಆ ಜಾಗದ ಅಕ್ಷಾಂಶ ರೇಖಾಂಶ ಬರೆದು ಹಾಕ್ತಾರೆ. ಉಳಿದೋರು ಮೊಬೈಲ್ ಹಿಡ್ಕಂಡು ಹುಡುಕಿ, ಡಬ್ಬಿ ಒಳಗಿನ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿನ ಇದ್ದಲ್ಲೇ ಇಟ್ಟು ಬರಬೇಕು. ಶುರುವಾಗಿದ್ದು 2000ನೇ ಇಸವಿ ಮೇ ತಿಂಗಳಲ್ಲಿ, ಅಮೆರಿಕದ ಒರೆಗಾನ್ ರಾಜ್ಯದಲ್ಲಿ. ಅದಕ್ಕೆ ಒಂದೆರಡು ದಿನ ಮುಂಚೆ ಅಲ್ಲಿನ ಸರ್ಕಾರ, ಜಿಪಿಎಸ್ ಸಂಕೇತವನ್ನ ಬೇಕಂತಲೇ ಮಸುಕು ಮಾಡ್ತಿದ್ದುದನ್ನ ನಿಲ್ಲಿಸಿತ್ತು. ಜಾಗ ಸರಿಯಾಗಿ ಸಿಗ್ತದೋ ಇಲ್ವೋ ನೋಡಾನ ಅಂತ ಡೇವ್ ಅಲ್ಮರ್ ಅನ್ನೋರು ಕಾಡಲ್ಲಿ ಒಂದು ಬಕೆಟ್ ಇಟ್ರು.

ನಮ್ಮ ಅಕ್ಕನ ಮಗಳು ಅದೇ ರಾಜ್ಯದಲ್ಲಿ ಇರೋದು. ಅವಳೂ ಮಕ್ಕಳೂ ಬಾರ್ಲೋ ರಸ್ತೆ ಅನ್ನೋ ಹಳೇ ಗಾಡಿದಾರಿ ಮೇಲೆ ಈ ಆಟ ಆಡಿ ಬಂದು, ಫೋನಲ್ಲಿ ಒಂದು ತಾಸು ಅದೇ ಕತೆ. 1840ರ ಸುಮಾರಿಗೆ ಜನ ಮನೆಮಠ ಎಲ್ಲ ಗಾಡಿಗೆ ಹೇರ್ಕಂಡು ಪಶ್ಚಿಮಕ್ಕೆ ಹೊರಟರಂತೆ. ಸುಮಾರು 3500 ಕಿಲೋಮೀಟರ್, ನಾಲ್ಕೈದು ತಿಂಗಳ ದಾರಿ, ಎಳೆಯೋದು ಹೆಚ್ಚಾಗಿ ಎತ್ತುಗಳೇ. ಕೊನೇಲಿ ಹುಡ್ ಅನ್ನೋ ಹಿಮದ ಬೆಟ್ಟ ಸುತ್ತಿ ಬರೋಕೆ ಸ್ಯಾಮ್ ಬಾರ್ಲೋ ಅನ್ನೋನು 1846ರಲ್ಲಿ ದಾರಿ ಮಾಡಿ, ಗಾಡಿಗೆ 5 ಡಾಲರ್ ಸುಂಕ ಇಟ್ಟ. ಇಳಿಜಾರಲ್ಲಿ ಗಾಡಿಗೆ ಹಗ್ಗ ಕಟ್ಟಿ, ಹಗ್ಗನ ಮರಕ್ಕೆ ಸುತ್ತಿ, ಮೆಲ್ಲಕೆ ಇಳಿಸ್ತಿದ್ರಂತೆ. ದಾರೀಲಿ ಸತ್ತೋರನ್ನ ಜಾಡಿನಲ್ಲೇ ಹೂತು ಮೇಲೆ ಗಾಡಿ ಹೊಡೆದು ಗುರುತು ಅಳಿಸಿದ್ದೂ ಉಂಟು, ಪ್ರಾಣಿ ಕೆದರಬಾರದು ಅಂತ. ಇದನ್ನ ಕೇಳಿ ನನಗೆ ಕರುಳು ಚುರುಕ್ ಅಂತು. ಆದ್ರೆ ಅಲ್ಲಿ ಮೊದಲಿಂದ ಇದ್ದ ಮೂಲನಿವಾಸಿಗಳ ನೆಲ ಅದು, ಅವರನ್ನ ಯಾರು ಕೇಳಿದ್ರು ಅಂತಾನೂ ಅನ್ನಿಸ್ತು.

"ಚಿಗವ್ವ, ನೂರೆಂಬತ್ತು ವರ್ಷದ ಹಿಂದಿಂದು!" ಅಂತ ಅವಳು ಬಾಯಿ ಬಾಯಿ ಬಿಟ್ಲು. ನಾನಂದೆ, ಬೇಸಿಗೆ ರಜಕ್ಕೆ ಮಕ್ಕಳನ್ನ ಕರ್ಕಂಡು ಬಾರವ್ವ, ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗೋ ದಾರೀಲಿ ಸಾವಿರದ ಆರ್ನೂರು ವರ್ಷದ್ದು ತೋರಿಸ್ತೀನಿ.

ನಮ್ಮ ದಾರೀಲಿ ಗಾಡಿ ಬಂದಿದ್ದು ಲೆಕ್ಕದಲ್ಲಿ ಈಚೆಗೆ. ಹಿಂದೆ ಘಟ್ಟದ ಕಡೆಗೆ ಅಡಿಕೆ, ಮೆಣಸು, ಅಕ್ಕಿ, ಉಪ್ಪು ಎಲ್ಲ ಹೇರೆತ್ತಿನ ಬೆನ್ನ ಮೇಲೇ ಹೋಗ್ತಿತ್ತು. ಮೈಸೂರು ಸೀಮೇಲಿ ಗಾಡಿ ಓಡಾಡೋ ರಸ್ತೆಗಳು ಹೆಚ್ಚಾಗಿದ್ದು ಮಾರ್ಕ್ ಕಬ್ಬನ್ ಸಾಹೇಬರು ಕಮಿಷನರ್ ಆಗಿದ್ದಾಗ, 1834ರಿಂದ 1861ರವರೆಗೆ. ಸಾವಿರದ ಐನೂರು ಮೈಲಿಗೂ ಹೆಚ್ಚು ರಸ್ತೆ ಆಯ್ತು ಆ ಕಾಲದಲ್ಲಿ. ಆಮೇಲೆ ಕಮಾನು ಗಾಡಿ ಕಟ್ಕಂಡು ಚಂದ್ರಗುತ್ತಿ ಜಾತ್ರೆಗೆ ಹೋಗೋದು ಶುರುವಾಯ್ತು. ನಮ್ಮತ್ತೆ ಹೇಳೋರು, ಬುತ್ತಿ ರೊಟ್ಟಿ, ಚಟ್ನಿಪುಡಿ, ಕೀಲೆಣ್ಣೆ ಕುಡಿಕೆ ಮೂರು ಮರೆತ್ರೆ ಗಾಡಿ ವಾಪಸ್ ತಿರುಗಿಸ್ಬೇಕು ಅಂತ.

ಮಕ್ಕಳು ಬಂದ್ರು. ಬಂದ ಕೂಡಲೇ ಸ್ಟೀಲ್ ಡಬ್ಬಿ ಕೇಳಿದ್ವು, ದೇವಸ್ಥಾನದ ಹತ್ರ ಹೂಳೋಕೆ. ನಾನು ಬೇಡ ಅಂದೆ. ಬಳ್ಳಿಗಾವಿ, ತಾಳಗುಂದ, ಬಂದಳಿಕೆ ಮೂರೂ ಸಂರಕ್ಷಿತ ಜಾಗ. ಅದೂ ಅಲ್ದೆ ನಮ್ಮ ಸೀಮೇಲಿ ನೆಲ ಕೆದರೋನನ್ನ ಕಂಡ್ರೆ ಊರೋರು ಏನಂತ ತಿಳ್ಕೊಳ್ತಾರೆ ನಿಮಗೆ ಗೊತ್ತಲ್ಲ. ಡಬ್ಬಿ ಇಲ್ಲದ ಬಗೆ ಆಟಾನೂ ಐತಂತೆ. ಜಾಗಕ್ಕೆ ಹೋಗಿ, ಅಲ್ಲೇ ನೋಡಿ ಹೇಳ್ಬೇಕಾದ ಪ್ರಶ್ನೆಗೆ ಉತ್ತರ ತಂದ್ರೆ ಸಾಕು. ಸರಿ, ಪ್ರಶ್ನೆ ಕಟ್ಟೋ ಕೆಲಸ ನನ್ನ ತಲೆಗೆ ಬಂತು.

ಅದಕ್ಕೆ ನನಗೆ ಸಹಾಯಕ್ಕೆ ಬಂದಿದ್ದು ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕ. ಬೆಂಗಳೂರಲ್ಲೇ ಹುಟ್ಟಿದ ಇಂಗ್ಲಿಷರು ಅವರು. ಶಿಕಾರಿಪುರ ತಾಲ್ಲೂಕಿನ ಶಾಸನಗಳ ಸಂಪುಟ ಬಂದಿದ್ದು 1902ರಲ್ಲಿ, ಸೊರಬದ್ದು 1904ರಲ್ಲಿ. ಒಂದೊಂದು ಕಲ್ಲಿಗೂ ತಾಲ್ಲೂಕಿನ ಹೆಸರು, ಒಂದು ನಂಬರು, ಆಮೇಲೆ ಯಾವ ಊರಿನ ಯಾವ ಗುಡಿ ಮುಂದೆ, ಯಾರ ಹೊಲದಲ್ಲಿ ಅನ್ನೋ ವಿವರ. ಮೊಬೈಲ್ ಇಲ್ಲದ ಕಾಲದ ಜಿಯೋಕ್ಯಾಶಿಂಗೇ ಕಣ್ರೆ ಅದು!

ಮೊದಲನೇದು 14.39, 75.24. ಬಳ್ಳಿಗಾವಿ. ಪ್ರಶ್ನೆ: ಎರಡು ತಲೆ ಹಕ್ಕಿ ಎಲ್ಲಿ? ಎತ್ತರದ ಕಂಬ, ಅದರ ಮೇಲೆ ಗಂಡಭೇರುಂಡ, ಚಾಮುಂಡರಾಯರಸ 1047ರಲ್ಲಿ ನಿಲ್ಲಿಸಿದ್ದು. ಚಾಲುಕ್ಯರ ಕಾಲಕ್ಕೆ ಬನವಾಸಿ ಹನ್ನೆರಡು ಸಾಸಿರ ನಾಡಿಗೆ ಈ ಊರೇ ರಾಜಧಾನಿ. ಬಾರ್ಲೋ ಸುಂಕದ ಕತೆ ಹೇಳಿದ್ರಲ್ಲ, ಇಲ್ಲಿ ಶಾಸನದ ತುಂಬ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಅಂತ ಸುಂಕದ ಹೆಸರುಗಳೇ. ಆ ದುಡ್ಡಿನ ಒಂದಿಷ್ಟು ಪಾಲು ಗುಡಿ, ಮಠಗಳಿಗೂ ಹೋಗ್ತಿತ್ತು. ಕೋಡಿಮಠದ 1162ರ ಶಾಸನದಲ್ಲಿ ಅಲ್ಲಿ ವೇದ, ವ್ಯಾಕರಣ ಕಲಿಸ್ತಿದ್ದುದು, ಬಡವರಿಗೆ ಊಟ ಹಾಕ್ತಿದ್ದುದು, ರೋಗಿಗಳಿಗೆ ಔಷಧಿ ಕೊಡ್ತಿದ್ದುದು ಎಲ್ಲ ಬರೆದೈತೆ.

ಎರಡನೇದು ತಾಳಗುಂದ. ಪ್ರಣವೇಶ್ವರ ಗುಡಿ ಮುಂದಿನ ಕಂಬದ ಮೇಲೆ ಕುಬ್ಜ ಅನ್ನೋ ಕವಿ ಸಂಸ್ಕೃತದಲ್ಲಿ ಕದಂಬರ ವಂಶದ ಕತೆ ಬರೆದವ್ನೆ. ಇಲ್ಲಿನ ಹುಡುಗ ಮಯೂರಶರ್ಮ ಓದೋಕೆ ಅಂತ ವೀರಶರ್ಮನ ಜೊತೆ ಕಂಚಿಗೆ ಹೋಗಿ, ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳಾಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದಿದ್ದು. ಇದು ಎಲ್ಲರಿಗೂ ಗೊತ್ತು. ನನ್ನ ಪ್ರಶ್ನೆ ಬೇರೆ ಇತ್ತು: ಕಾಕುಸ್ಥವರ್ಮ ಇಲ್ಲಿ ಏನು ಕಟ್ಟಿಸ್ದ? ಉತ್ತರ ಕೆರೆ. ಆದ್ರೆ ಅದೇ ಕಂಬದಲ್ಲಿ ಅವನು ತನ್ನ ಹೆಣ್ಣುಮಕ್ಕಳನ್ನ ಗುಪ್ತರಂಥ ದೊಡ್ಡ ದೊಡ್ಡ ಅರಸರ ಮನೆಗೆ ಕೊಟ್ಟಿದ್ದೂ ಐತೆ, ಆ ಮಕ್ಕಳ ಹೆಸರು ಮಾತ್ರ ಇಲ್ಲ. ದೊಡ್ಡ ಹುಡುಗಿ ಅದನ್ನ ಕೇಳಿ "ಅಜ್ಜಿ, ಅವರ ಹೆಸರು ಹುಡುಕೋದು ಹೆಂಗೆ?" ಅಂದ್ಲು. ನನ್ನ ಹತ್ರ ಉತ್ತರ ಇರಲಿಲ್ಲ. ಅವಳನ್ನ ಬಂದಳಿಕೆಗೆ ಕರ್ಕಂಡು ಹೋದೆ.

ಬಂದಳಿಕೆಗೆ ಹೋದೋರು ಗೊತ್ತಲ್ಲ, ಕಾಡಿನ ನಡುವೆ ಹಾಳುಬಿದ್ದ ಊರು, ಗುಡಿಗಳು ಮಾತ್ರ ನಿಂತವೆ. ಅಲ್ಲಿ ಸಿಕ್ಕ ಶಾಸನ ಶಿಕಾರಿಪುರ 219. ಸಾವಿರದ ನೂರು ವರ್ಷದ ಹಿಂದೆ, ರಾಷ್ಟ್ರಕೂಟರ ಕಾಲ. ನಾಗರಖಂಡ ಎಪ್ಪತ್ತು, ಅಂದ್ರೆ ನಮ್ಮ ಈ ಸುತ್ತಮುತ್ತಲ ನಾಡೇ, ಅದಕ್ಕೆ ನಾಳ್ಗಾವುಂಡ ಆಗಿದ್ದ ನಾಗಾರ್ಜುನ ಸತ್ತ. ಆಗ ಅರಸ ಆ ಪಟ್ಟವನ್ನ ಮೈದುನನಿಗೋ ದಾಯಾದಿಗೋ ಕೊಡಲಿಲ್ಲ, ಅವನ ಹೆಂಡತಿ ಜಕ್ಕಿಯಬ್ಬೆಗೆ ಕೊಟ್ಟ. ಅವಳು ನಾಡನ್ನ ಚೆನ್ನಾಗಿ ಆಳಿದ್ಲು. ಆಮೇಲೆ ಮೈಗೆ ಕಾಯಿಲೆ ಬಂತು. ಇನ್ನು ಆಗಲ್ಲ ಅಂತ ಗೊತ್ತಾದಾಗ ಅಧಿಕಾರನ ಮಗಳ ಕೈಗೆ ಒಪ್ಪಿಸಿ, ಇದೇ ಬಂದಳಿಕೆ ಬಸದಿಗೆ ಬಂದು, ಜೈನರ ಸಲ್ಲೇಖನ ವ್ರತ ಹಿಡಿದು ಪ್ರಾಣ ಬಿಟ್ಲು. ಕಲ್ಲಿನಲ್ಲಿ ಅವಳ ಆಡಳಿತ ಹೊಗಳೋವಾಗ "ಹೆಂಗಸಾದ್ರೂ" ಅನ್ನೋ ಅರ್ಥದ ಮಾತು ಸೇರಿಸಿದಾರೆ, ಅದೊಂದು ನನಗೆ ಹಿಡಿಸ್ಲಿಲ್ಲ. ಸಾವಿರ ವರ್ಷ ಆದ್ರೂ ಆ ಮಾತು ಸವೆದಿಲ್ಲ ನೋಡ್ರಿ, ಪಂಚಾಯ್ತಿ ಮೆಂಬರ್ ಆದ ನಮ್ಮ ಓರಗಿತ್ತಿಗೂ ಅದನ್ನೇ ಹೇಳ್ತಾರೆ, ಮತ್ತೆ ಸಹಿ ಗಂಡ ಹಾಕ್ತಾನೆ.

ಅಲ್ಲಿ ಪ್ರಶ್ನೆ ಇಷ್ಟೇ ಇತ್ತು: ಜಕ್ಕಿಯಬ್ಬೆ ಕೊನೆಗೆ ಬಂದಿದ್ದು ಇದರಲ್ಲಿ ಯಾವ ಗುಡಿ ಕಡೆಗೆ? ಸಣ್ಣವನು ಸೋಮೇಶ್ವರ ಗುಡಿಯ ಜಾಲಂಧ್ರದ ಕೆತ್ತನೆ ನೋಡ್ತಾ ಅಲ್ಲೇ ನಿಂತ. ದೊಡ್ಡವಳು ಶಾಂತಿನಾಥ ಬಸದಿ ಒಳಗೆ ಹೋದೋಳು ಸುಮಾರು ಹೊತ್ತು ಹೊರಗೆ ಬರಲಿಲ್ಲ. ಬಂದು ನೋಟ್‌ಬುಕ್ಕಲ್ಲಿ ತನ್ನ ಹೆಸರು ಬರೆದು, ಮೇಲೆ ಜಕ್ಕಿಯಬ್ಬೆ ಅಂತ ತಪ್ಪಿಲ್ಲದೆ ಕನ್ನಡದಲ್ಲಿ ಬರೆದ್ಲು.

ಈಗ ನನಗೆ ಸಂಕಟ ಆಗೋ ವಿಷಯ. ಈ ಆಟದ ನಿಯಮ ನೆಲ ಅಗೆಯಂಗಿಲ್ಲ, ಇದ್ದದ್ದನ್ನ ಇದ್ದಂಗೆ ಬಿಟ್ಟು ಬರಬೇಕು. ನಮ್ಮಲ್ಲಿ ಹುಡುಕೋದು ಅಂದ್ರೆ ನಿಧಿ. ಅಮಾವಾಸ್ಯೆ ಕಳೆದ ಬೆಳಿಗ್ಗೆ ಲಿಂಗದ ಬುಡ ಅಗೆದಿರ್ತದೆ, ವೀರಗಲ್ಲು ಬೋರಲು ಬಿದ್ದಿರ್ತದೆ. ನಮ್ಮೂರ ಹಿಂದಿನ ಹಳೇ ಗಾಡಿಜಾಡಿನ ಪಕ್ಕ ಒಂದು ವೀರಗಲ್ಲಿತ್ತು, ಕೆಳಗೆ ತುರು ಬಿಡಿಸೋ ಕಾಳಗ, ನಡುವೆ ಅಪ್ಸರೆಯರು, ಮೇಲೆ ಲಿಂಗ. ನಾವು ನಾಗರ ಪಂಚಮಿಗೆ ಅದಕ್ಕೂ ಒಂದು ಚೂರು ಹಾಲೆರೀತಿದ್ವಿ. ರಸ್ತೆ ಅಗಲ ಮಾಡೋವಾಗ ಜೆಸಿಬಿ ಅದನ್ನ ಚರಂಡಿಗೆ ತಳ್ಳೋದ್ರಲ್ಲಿತ್ತು. ಓಣಿ ಹೆಂಗಸರೆಲ್ಲ ಹೋಗಿ ಅಡ್ಡ ನಿಂತು, ಕೊನೆಗೆ ಗುಡಿ ಕಟ್ಟೆಗೆ ಸಾಗಿಸಿದ್ವಿ. ಕಲ್ಲು ಉಳೀತು. ಆದ್ರೆ ಕಾಳಗ ನಡೆದ ಜಾಗ ಯಾವ್ದು ಅನ್ನೋ ಗುರುತು ಹೋಯ್ತು. ಅದಕ್ಕೇ ಈ ಸಲ ದೊಡ್ಡವಳ ಕೈಲಿ ಹಳೇ ಜಾಗದ ಅಕ್ಷಾಂಶ ರೇಖಾಂಶ ಬರೆಸಿ, ಗುಡಿ ಪುಸ್ತಕದಲ್ಲಿ ಇಟ್ಟಿದೀನಿ.

ಕುಬಟೂರು ಒಂದು ಉಳೀತು, ಮಳೆ ಹಿಡ್ಕಂಡು ಹೋಗೋಕಾಗ್ಲಿಲ್ಲ. ಸೊರಬ ತಾಲ್ಲೂಕು, ಆನವಟ್ಟಿ ಹತ್ರ. ಕೈಟಭೇಶ್ವರ ಗುಡಿ ನೋಡಿ ಎಲ್ಲರೂ ವಾಪಸ್ ಬರ್ತಾರೆ. ಕದಂಬರ ಕೀರ್ತಿದೇವನ ರಾಣಿ ಮಾಳಲದೇವಿ ಹನ್ನೊಂದನೇ ಶತಮಾನದಲ್ಲಿ ಪಾರ್ಶ್ವನಾಥ ಬಸದಿಗೆ ದತ್ತಿ ಬಿಟ್ಟಿದ್ದು ಅದೇ ಊರಲ್ಲಿ. ದೀಪಾವಳಿ ಕಳೆದ ಮೇಲೆ ಹೋಗಬೇಕು, ಬರೋರು ಹೇಳ್ರಿ, ಬುತ್ತಿ ನನ್ನದು. ಹಂಗೇ ನಿಮ್ಮ ಹಿತ್ತಲಿನ ಬಟ್ಟೆ ಒಗೆಯೋ ಕಲ್ಲು ಹಳೇದಾಗಿದ್ರೆ, ಯಾರಾದ್ರೂ ಗಟ್ಟಿಗರನ್ನ ಕರೆದು ಒಂದ್ಸಲ ಮಗುಚಿ ನೋಡ್ರಿ, ಅಕ್ಷರ ಕಂಡ್ರೆ ನನಗೊಂದು ಫೋಟೋ ಕಳಿಸ್ರಿ.