ಸಂಬಳದೊಳಗಿನ ಊಟದ ತಟ್ಟೆ

ಕೇಂದ್ರ ಸರ್ಕಾರದ ನೌಕರರಾದ ನಮ್ಮಲ್ಲಿ ಹೆಚ್ಚಿನವರು ಏಳನೆಯ ವೇತನ ಆಯೋಗದ ವರದಿಯಲ್ಲಿ ತಮ್ಮ ಹುದ್ದೆಯ ಶ್ರೇಣಿಯನ್ನಷ್ಟೇ ಹುಡುಕಿ ಪುಟ ಮಡಿಸಿದವರು. 2015ರ ನವೆಂಬರಿನಲ್ಲಿ ಸಲ್ಲಿಕೆಯಾದ ಆ ವರದಿ ಕನಿಷ್ಠ ವೇತನವನ್ನು 18,000 ರೂಪಾಯಿ ಎಂದು ಗೊತ್ತುಮಾಡಿದ್ದು ಎಲ್ಲರಿಗೂ ತಿಳಿದಿದೆ. ಆ ಮೊತ್ತದ ಲೆಕ್ಕ ಒಂದು ದಿನಸಿ ಪಟ್ಟಿಯಿಂದ ಆರಂಭವಾಗುತ್ತದೆ ಎಂಬುದು ಅಷ್ಟಾಗಿ ತಿಳಿದಿಲ್ಲ. ಒಬ್ಬ ವಯಸ್ಕನಿಗೆ ದಿನವೊಂದಕ್ಕೆ ಅಕ್ಕಿ ಅಥವಾ ಗೋಧಿ 475 ಗ್ರಾಂ, ಬೇಳೆ 80 ಗ್ರಾಂ, ಹಸಿರು ತರಕಾರಿ 125 ಗ್ರಾಂ, ಹಣ್ಣು 120 ಗ್ರಾಂ, ಹಾಲು 200 ಮಿಲಿಲೀಟರ್, ಎಣ್ಣೆ 40 ಗ್ರಾಂ ಎಂದು ಪಟ್ಟಿ ಸಾಗುತ್ತದೆ. ಗಂಡನದು ಒಂದು ಪಾಲು, ಹೆಂಡತಿಯದು 0.8, ಇಬ್ಬರು ಮಕ್ಕಳದು ತಲಾ 0.6, ಒಟ್ಟು ಮೂರು ಪಾಲು. (ಹೆಂಡತಿಯ ಹಸಿವನ್ನು ದಶಮಾಂಶದಲ್ಲಿ ಅಳೆದವರು ಅಡುಗೆಮನೆಯ ದುಡಿಮೆಯನ್ನು ಎಲ್ಲಿಯೂ ಅಳೆದಂತಿಲ್ಲ.) ಹೀಗೆ ತಿಂಗಳಿಗೆ ಧಾನ್ಯವೇ 42.75 ಕಿಲೋ, ಹಾಲು 18 ಲೀಟರ್. ಇವುಗಳ ಬೆಲೆ ಕೂಡಿಸಿ, ಬಟ್ಟೆ, ಉರುವಲು, ಬಾಡಿಗೆ ಮುಂತಾದವನ್ನು ಸೇರಿಸಿದಾಗ ಸಂಬಳ ಸಿದ್ಧವಾಗುತ್ತದೆ.

ಈ ಕ್ರಮ 1957ರ ಜುಲೈಯದು. ದೆಹಲಿಯಲ್ಲಿ ಸೇರಿದ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನವು, ಕನಿಷ್ಠ ಕೂಲಿ ಎಂಬುದು ಮಾಲೀಕನ ಔದಾರ್ಯಕ್ಕೆ ಬಿಟ್ಟ ಮಾತಲ್ಲ, ಮನುಷ್ಯನ ಅಗತ್ಯಕ್ಕೆ ಸೇರಿದ್ದು ಎಂದು ಒಪ್ಪಿ, ಡಾ. ಏಕ್ರಾಯ್ಡ್ ಅವರ ಆಹಾರ ಸೂತ್ರವನ್ನು ಆಧಾರವಾಗಿ ಹಿಡಿಯಿತು: ದಿನಕ್ಕೆ 2,700 ಕ್ಯಾಲೊರಿ. ಒಪ್ಪಿದ್ದನ್ನು ಕೊಡುವುದು ಬೇರೆ ಮಾತು. ಎರಡನೆಯ ವೇತನ ಆಯೋಗ ಸಮ್ಮೇಳನದ ಸೂತ್ರವನ್ನು ಸ್ವೀಕರಿಸದೆ ಕನಿಷ್ಠ ವೇತನವನ್ನು 80 ರೂಪಾಯಿಗೆ ನಿಲ್ಲಿಸಿತು. 1960ರ ಜುಲೈಯಲ್ಲಿ ಕೇಂದ್ರ ನೌಕರರು ಐದು ದಿನ ಮುಷ್ಕರ ಹೂಡಿದರು. ಸರ್ಕಾರ ಸುಗ್ರೀವಾಜ್ಞೆಯಿಂದ ಅದನ್ನು ಅಡಗಿಸಿತು. 1968ರ ಸೆಪ್ಟೆಂಬರ್ 19ರ ಒಂದು ದಿನದ ಮುಷ್ಕರದಲ್ಲಿಯೂ ಅಗತ್ಯಾಧಾರಿತ ವೇತನವೇ ಮುಖ್ಯ ಬೇಡಿಕೆಯಾಗಿತ್ತು. ಅಂದು ಸೆರೆಗೆ ಹೋದವರ, ಕೆಲಸ ಕಳೆದುಕೊಂಡವರ ಎದುರು ನಮ್ಮ ಇಂದಿನ ಪೇ ಸ್ಲಿಪ್ಪು ಬಹಳ ಹಗುರವಾದ ಕಾಗದ.

ಏಕ್ರಾಯ್ಡ್ ಯಾರು? ಕಾರ್ಮಿಕ ನಾಯಕರಲ್ಲ, ಅರ್ಥಶಾಸ್ತ್ರಜ್ಞರೂ ಅಲ್ಲ. ಬೆರಿಬೆರಿ ರೋಗವನ್ನು ಅಭ್ಯಸಿಸಿದ್ದ ವೈದ್ಯರು. 1935ರಿಂದ ಹತ್ತು ವರ್ಷ ನೀಲಗಿರಿಯ ಕೂನೂರಿನಲ್ಲಿದ್ದ ಪೋಷಣಾ ಸಂಶೋಧನಾಲಯದ ನಿರ್ದೇಶಕರಾಗಿದ್ದರು. ಅದನ್ನು 1918ರಲ್ಲಿ ಒಂದೇ ಕೋಣೆಯಲ್ಲಿ ಆರಂಭಿಸಿದವರು ರಾಬರ್ಟ್ ಮೆಕ್‌ಕ್ಯಾರಿಸನ್. ಭಾರತದ ಏಳು ಸಮುದಾಯಗಳ ಊಟವನ್ನು ಏಳು ಗುಂಪಿನ ಇಲಿಗಳಿಗೆ ಉಣಿಸಿ ಅವುಗಳ ಬೆಳವಣಿಗೆಯನ್ನು ತೂಗಿ ನೋಡಿದ ಅವರ ಪ್ರಯೋಗ ಪ್ರಸಿದ್ಧವಾದುದು. ಗೋಧಿ ರೊಟ್ಟಿ, ಹಾಲು, ಬೇಳೆ, ಸೊಪ್ಪು ತಿಂದ ಸಿಖ್ಖರ ಇಲಿಗಳು ಎಲ್ಲಕ್ಕಿಂತ ಚೆನ್ನಾಗಿ ಬೆಳೆದವು. ಮದರಾಸಿನ ಬಿಳಿ ಅನ್ನದ ಇಲಿಗಳು ಕಡೆಗೆ ನಿಂತವು. 'ಕೆನರೀಸ್' ಇಲಿಗಳ ಸ್ಥಾನ ಕೆಳಗಿನಿಂದ ಮೂರನೆಯದು. ನಮಗೆ ಇದರಿಂದ ಅವಮಾನವೇನೂ ಆಗಬೇಕಿಲ್ಲ. ಬೀದರಿನ ಜೋಳದ ರೊಟ್ಟಿ, ಮಂಡ್ಯದ ಮುದ್ದೆ, ಮಂಗಳೂರಿನ ಗಂಜಿ ಈ ಮೂರನ್ನೂ ಒಂದೇ ಗೂಡಿನಲ್ಲಿ ಹಾಕಿದರೆ ಇಲಿಗೂ ಗೊಂದಲವಾದೀತು.

ಏಕ್ರಾಯ್ಡ್ ಪ್ರಶ್ನೆಯನ್ನು ಇಲಿಯಿಂದ ಮನುಷ್ಯನ ಜೇಬಿಗೆ ತಂದರು. 1937ರಲ್ಲಿ ಅವರು ಹೊರತಂದ 'ಹೆಲ್ತ್ ಬುಲೆಟಿನ್' ಸಂಖ್ಯೆ 23 ಒಂದು ತೆಳ್ಳನೆಯ ಹೊತ್ತಗೆ. ನಮ್ಮ ಆಹಾರಗಳಲ್ಲಿ ಏನೇನು ಎಷ್ಟೆಷ್ಟಿದೆ, ಕಡಿಮೆ ಖರ್ಚಿನಲ್ಲಿ ತೃಪ್ತಿಕರ ಊಟವನ್ನು ಹೇಗೆ ಹೊಂದಿಸಬಹುದು ಎಂಬುದು ಅದರ ವಿಷಯ. ಬಡವನ ತಟ್ಟೆಯ ದೋಷ ಅನ್ನದ ಕೊರತೆಯಷ್ಟೇ ಅಲ್ಲ, ಅನ್ನವೊಂದೇ ಇರುವುದು ಎಂಬುದು ಅದರ ತಿರುಳು. ಗಿರಣಿಯಲ್ಲಿ ಪಾಲಿಶ್ ಆದ ಅಕ್ಕಿ ತೌಡಿನೊಂದಿಗೆ ಜೀವಸತ್ವವನ್ನೂ ಕಳೆದುಕೊಳ್ಳುತ್ತದೆ. ಕೊಟ್ಟಣದ ಅಕ್ಕಿ, ಕುಸುಬಲಕ್ಕಿ ಮೇಲು. ಅಕ್ಕಿಯ ಒಂದು ಭಾಗವನ್ನು ತೆಗೆದು ಆ ಜಾಗಕ್ಕೆ ರಾಗಿ, ಸಜ್ಜೆಯಂಥ ಧಾನ್ಯವನ್ನು ತಂದು, ಜೊತೆಗೆ ಬೇಳೆ, ದಂಟು, ನುಗ್ಗೆಸೊಪ್ಪು, ಸ್ವಲ್ಪ ಹಾಲು ಸೇರಿಸಿದರೆ ಊಟ ಸುಧಾರಿಸುತ್ತದೆ. ಇಂಥ ಸಂದರ್ಭದಲ್ಲಿ ಕನಕದಾಸರ 'ರಾಮಧಾನ್ಯಚರಿತೆ'ಯನ್ನು ನೆನೆಯುವುದು ನಮ್ಮಲ್ಲಿ ವಾಡಿಕೆ. ಆದರೆ ಅಲ್ಲಿ ರಾಗಿ ಗೆಲ್ಲುವುದು ಆರು ತಿಂಗಳ ಸೆರೆಯಲ್ಲಿ ಕೆಡದೆ ಉಳಿದದ್ದರಿಂದ, ಅಂದರೆ ಹಗೇವಿನ ಗುಣದಿಂದ. ತಟ್ಟೆಯಲ್ಲಿ ಅದರ ಗುಣವನ್ನು ಅಂಕಿಯಲ್ಲಿ ಹೇಳಿದ್ದು ಕೂನೂರಿನ ಪರಂಪರೆ. ಮುದ್ದೆ, ಬಸ್ಸಾರು, ಒಂದು ಲೋಟ ಮಜ್ಜಿಗೆ ಉಣ್ಣುತ್ತಿದ್ದ ಹಳೆಯ ಮೈಸೂರಿನ ರೈತನಿಗೆ ಆ ಹೊತ್ತಗೆ ಹೇಳಬೇಕಾದದ್ದು ಹೆಚ್ಚೇನೂ ಇರಲಿಲ್ಲ.

ವಿಚಿತ್ರವೆಂದರೆ, ಅಕ್ಕಿಯನ್ನು ಒಂದಿಷ್ಟು ಕಡಿಮೆ ಮಾಡಿ ಎಂದ ಆ ವೈದ್ಯರ ಹೆಸರಿನಲ್ಲೇ ಸಿದ್ಧವಾದ ಸಂಬಳದ ಪಟ್ಟಿಯ ಮೊದಲ ಸಾಲಿನಲ್ಲಿ ಅಕ್ಕಿ, ಗೋಧಿ ಬಿಟ್ಟರೆ ಮತ್ತೊಂದು ಧಾನ್ಯವಿಲ್ಲ. ರಾಗಿಯಿಲ್ಲ, ಜೋಳವಿಲ್ಲ, ಸಜ್ಜೆಯಿಲ್ಲ. ಪಡಿತರದ ಅಂಗಡಿ ಕೊಡುವುದನ್ನೇ ದೇಶ ಉಣ್ಣುತ್ತದೆ ಎಂಬ ಎಣಿಕೆ ಅಲ್ಲಿಗೂ ಬಂದಿತೆಂದು ನಮ್ಮ ಊಹೆ. ವರ್ಗಾವಣೆಯ ಬದುಕಿನ ನಾವೂ ಹಾಗೆಯೇ ಬದಲಾದೆವು. ಊರಿಂದ ಬರುವಾಗ ತಂದ ರಾಗಿಹಿಟ್ಟು ಮುಗಿದ ಮೇಲೆ ದೆಹಲಿಯಲ್ಲಿ ಗೋಧಿ, ಚೆನ್ನೈಯಲ್ಲಿ ಅಕ್ಕಿ. ಈಗ ಅದೇ ಹಿಟ್ಟು ಮಾಲ್‌ಗಳಲ್ಲಿ ಅರ್ಧ ಕಿಲೋ ಪೊಟ್ಟಣದಲ್ಲಿ, ಸಿರಿವಂತರ ಪಥ್ಯವಾಗಿ ಕೂತಿದೆ.

ಕೂನೂರಿನ ಸಂಶೋಧನಾಲಯ ಐವತ್ತರ ದಶಕದ ಕೊನೆಯಲ್ಲಿ ಹೈದರಾಬಾದಿಗೆ ಬಂದು, ಇಂದು ತಾರ್ನಾಕಾದಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿದೆ. ಅಲ್ಲಿನ ನಮ್ಮ ಓದುಗರು ದಿನವೂ ಅದರ ಮುಂದೆ ಹಾದುಹೋಗುತ್ತಿರಬಹುದು. ಅದರ ಹಳೆಯ ಕೋಷ್ಟಕದಂತೆ 100 ಗ್ರಾಂ ಪಾಲಿಶ್ ಅಕ್ಕಿಯಲ್ಲಿ 345 ಕ್ಯಾಲೊರಿ, 10 ಮಿಲಿಗ್ರಾಂ ಸುಣ್ಣದ ಅಂಶ. ರಾಗಿಯಲ್ಲಿ 328 ಕ್ಯಾಲೊರಿ, 344 ಮಿಲಿಗ್ರಾಂ. ಎಂಟನೆಯ ವೇತನ ಆಯೋಗ ಈಗ ರಚನೆಯಾಗಿದೆ. 475 ಗ್ರಾಂನಲ್ಲಿ 100 ಗ್ರಾಂ ರಾಗಿಗೆ ಬಿಟ್ಟುಕೊಟ್ಟರೆ 2,700 ಕ್ಯಾಲೊರಿಯ ಸೂತ್ರದಲ್ಲಿ ಕಡಿಮೆಯಾಗುವುದು ಬರೀ 17.