ದೌರ್ಜನ್ಯದಿಂದ ನೊಂದವರ ಆರೈಕೆ: ಧರ್ಮಕೇಂದ್ರಗಳಿಗೆ ಕೆಲವು ಮಾಹಿತಿಗಳು

ಮೂಡುಬಿದಿರೆಯಿಂದ ಕಾರ್ಕಳಕ್ಕೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಊರು ಬೆಳುವಾಯಿ. ಇಂಥ ಊರುಗಳಲ್ಲಿ ಎಲ್ಲರಿಗೂ ಎಲ್ಲರ ಪರಿಚಯ. ಮನೆಯ ಮುಂದೆ ಪೊಲೀಸ್ ಜೀಪು ನಿಂತರೆ ಸಂಜೆಯೊಳಗೆ ಪೇಟೆಗೆಲ್ಲ ಸುದ್ದಿ. ಆದುದರಿಂದ ದೌರ್ಜನ್ಯಕ್ಕೊಳಗಾದ ಮಗುವಾಗಲಿ, ಮಹಿಳೆಯಾಗಲಿ ಮೊದಲು ಬಾಯಿ ಬಿಡುವುದು ಠಾಣೆಯಲ್ಲಲ್ಲ. ವಾಳೆಯ ಗುರಿಕಾರರಲ್ಲಿ, ಸ್ತ್ರೀ ಸಂಘಟನೆಯ ಪರಿಚಯದ ಅಕ್ಕನಲ್ಲಿ, ಧರ್ಮೋಪದೇಶದ ಟೀಚರಲ್ಲಿ ಅಥವಾ ಧರ್ಮಗುರುಗಳಲ್ಲಿ. ಆ ಮೊದಲ ಮಾತನ್ನು ಕೇಳಿಸಿಕೊಂಡವರು ಏನು ಮಾಡಬೇಕು ಎಂಬುದೇ ಈ ಲೇಖನದ ವಿಷಯ.

ಏನು ಮಾಡಬಾರದು ಎಂಬುದನ್ನು ಪವಿತ್ರ ಗ್ರಂಥವೇ ತೋರಿಸಿದೆ. ಸಮುವೇಲನ ಎರಡನೆಯ ಗ್ರಂಥದ 13ನೆಯ ಅಧ್ಯಾಯದಲ್ಲಿ ದಾವೀದನ ಮಗಳು ತಾಮಾರಳು ಮಲ ಅಣ್ಣನಿಂದಲೇ ಕೆಡಿಸಲ್ಪಡುತ್ತಾಳೆ. ಒಡಹುಟ್ಟಿದ ಅಣ್ಣ ಅಬ್ಷಾಲೋಮನು ಸುಮ್ಮನಿರುವಂತೆ ಹೇಳುತ್ತಾನೆ. ತಂದೆಗೆ ಸಿಟ್ಟು ಬರುತ್ತದೆ, ಆದರೆ ಏನೂ ಮಾಡುವುದಿಲ್ಲ. ತಾಮಾರಳು ಅಣ್ಣನ ಮನೆಯಲ್ಲಿ ಒಬ್ಬಂಟಿಯಾಗಿ ಉಳಿದಳೆಂಬಲ್ಲಿಗೆ ಅವಳ ಕಥೆ ನಿಲ್ಲುತ್ತದೆ. ಮನೆತನದ ಮರ್ಯಾದೆಯ ಹೆಸರಿನಲ್ಲಿ ನಮ್ಮ ಮನೆಗಳಲ್ಲಿ ಇಂದಿಗೂ ಇದೇ ನಡೆಯುತ್ತಿದೆ ಎಂದರೆ ಯಾರೂ ಬೇಸರಪಡಬಾರದು. ಕೇಂದ್ರ ಸರಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 2007ರಲ್ಲಿ ಪ್ರಕಟಿಸಿದ, 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿದ ಅಧ್ಯಯನದಲ್ಲಿ ಶೇ. 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಹೇಳಿಕೊಂಡಿದ್ದರು. ದೌರ್ಜನ್ಯ ಎಸಗಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಗೊತ್ತಿದ್ದವರು, ನಂಬಿಕೆಯ ಸ್ಥಾನದಲ್ಲಿದ್ದವರು.

ಹೇಳಿಕೊಂಡವರನ್ನು ನಂಬಿ. ಅವರು ತಮ್ಮ ವೇಗದಲ್ಲಿ ಹೇಳಲಿ. ತನಿಖಾಧಿಕಾರಿಯಂತೆ ಪ್ರಶ್ನೆ ಹಾಕಬೇಡಿ. "ನೀನು ಅಲ್ಲಿಗೆ ಯಾಕೆ ಹೋದದ್ದು?" ಎಂಬ ಒಂದು ಪ್ರಶ್ನೆ ಸಾಕು, ಬಾಯಿ ಮತ್ತೆ ಮುಚ್ಚಿಕೊಳ್ಳುತ್ತದೆ. ಯಾರಿಗೂ ಹೇಳುವುದಿಲ್ಲವೆಂದು ಮಗುವಿಗೆ ಮಾತು ಕೊಡಬೇಡಿ, ಅದನ್ನು ಉಳಿಸಿಕೊಳ್ಳಲು ನಿಮಗೆ ಆಗದು.

ಏಕೆಂದರೆ 14 ನವೆಂಬರ್ 2012ರಿಂದ ಜಾರಿಯಲ್ಲಿರುವ ಪೋಕ್ಸೋ ಕಾಯ್ದೆಯ 19ನೆಯ ಕಲಮಿನಂತೆ, 18 ವರ್ಷದೊಳಗಿನವರ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ. ತನ್ನ ಕೈಕೆಳಗಿನವರ ಅಪರಾಧವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ. ಸದ್ಭಾವನೆಯಿಂದ ತಿಳಿಸಿದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಮಗುವನ್ನು ಠಾಣೆಗೆ ಎಳೆದೊಯ್ಯಬೇಕಾದೀತು ಎಂಬ ಭಯ ಹಲವು ತಂದೆತಾಯಿಯರಿಗೆ ಇದೆ. ಹಾಗಿಲ್ಲ. ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಅದು ಬಯಸಿದ ಸ್ಥಳದಲ್ಲಿ, ಸಮವಸ್ತ್ರವಿಲ್ಲದ ಅಧಿಕಾರಿ, ಸಾಧ್ಯವಾದಷ್ಟು ಮಹಿಳಾ ಎಸ್.ಐ., ತಂದೆತಾಯಿ ಅಥವಾ ಮಗು ನಂಬುವ ಬೇರೊಬ್ಬರ ಎದುರಿನಲ್ಲಿ ಬರೆದುಕೊಳ್ಳಬೇಕು. ರಾತ್ರಿ ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಬೆಳುವಾಯಿಯಿಂದ ಒಂದು ಕಡೆ ಮೂಡುಬಿದಿರೆ, ಇನ್ನೊಂದು ಕಡೆ ಕಾರ್ಕಳ, ಜಿಲ್ಲೆಗಳೂ ಬೇರೆ. ಘಟನೆ ನಮ್ಮ ಸರಹದ್ದಿನದ್ದಲ್ಲ ಎಂದು ಯಾವ ಠಾಣೆಯೂ ದೂರನ್ನು ತಿರಸ್ಕರಿಸುವಂತಿಲ್ಲ. ಮಕ್ಕಳ ಸಹಾಯವಾಣಿ 1098, ಮಹಿಳೆಯರಿಗೆ 181, ತುರ್ತಿಗೆ 112.

ದೈಹಿಕ ದೌರ್ಜನ್ಯ ನಡೆದು ಹೆಚ್ಚು ಹೊತ್ತಾಗಿರದಿದ್ದರೆ ಸ್ನಾನ ಮಾಡಿಸದೆ, ಬಟ್ಟೆ ಒಗೆಯದೆ ಆಸ್ಪತ್ರೆಗೆ ಕರೆದೊಯ್ಯುವುದು ಲೇಸು. ಸ್ನಾನವಾಗಿದ್ದರೂ ಹೋಗಬೇಕು. ಸರಕಾರಿಯಾಗಲಿ ಖಾಸಗಿಯಾಗಲಿ, ಅತ್ಯಾಚಾರಕ್ಕೊಳಗಾದವರಿಗೆ ಉಚಿತ ಚಿಕಿತ್ಸೆ ನೀಡುವುದು ಎಲ್ಲ ಆಸ್ಪತ್ರೆಗಳ ಕಾನೂನುಬದ್ಧ ಕರ್ತವ್ಯ.

ವಯಸ್ಕ ಮಹಿಳೆಯ ವಿಷಯ ಬೇರೆ. ದೂರು ಕೊಡುವುದು, ಬಿಡುವುದು ಆಕೆಯ ನಿರ್ಧಾರ. ದಾರಿಗಳನ್ನು ತಿಳಿಸುವುದಷ್ಟೇ ನಮ್ಮ ಕೆಲಸ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಗಂಡನ ಮನೆಯಲ್ಲಿ ವಾಸಿಸುವ ಹಕ್ಕು, ರಕ್ಷಣಾ ಆದೇಶ, ಜೀವನಾಂಶ ಇವನ್ನೆಲ್ಲ ಕೇಳಬಹುದು. 2015ರಲ್ಲಿ ಆರಂಭವಾದ ಸಖಿ ಕೇಂದ್ರಗಳ ಯೋಜನೆಯಲ್ಲಿ ವೈದ್ಯಕೀಯ ನೆರವು, ಕಾನೂನು ಸಲಹೆ, ತಾತ್ಕಾಲಿಕ ವಸತಿ ಒಂದೇ ಕಡೆ ಸಿಗುತ್ತವೆ. ಉಚಿತ ವಕೀಲರಿಗಾಗಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಮನಸ್ಸಿನ ಗಾಯಕ್ಕೂ ವೈದ್ಯರು ಬೇಕು. ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗುವುದು ವಿಶ್ವಾಸದ ಕೊರತೆಯ ಲಕ್ಷಣವಲ್ಲ. ಒಳ್ಳೆಯ ಸಮಾರಿಯದವನು ಗಾಯಾಳುವಿಗೆ ಪಟ್ಟಿ ಕಟ್ಟಿದ ಮೇಲೆ ಛತ್ರಕ್ಕೆ ಒಯ್ದು ಇನ್ನೊಬ್ಬರ ಕೈಗೊಪ್ಪಿಸಿದ, ಖರ್ಚಿಗೂ ಕೊಟ್ಟ.

"ಕಥೋಲಿಕ ಹೆಂಡತಿ ಗಂಡನನ್ನು ಬಿಡುವಂತಿಲ್ಲ, ಇದು ನಿನ್ನ ಶಿಲುಬೆ" ಎನ್ನುವವರು ಧರ್ಮಸಭೆಯ ಕಾನೂನನ್ನು ಓದಿದವರಲ್ಲ. ಧರ್ಮಸಭಾ ನಿಯಮಾವಳಿಯ 1153ನೆಯ ನಿಯಮವು, ಸಂಗಾತಿಯಿಂದ ತನಗೋ ಮಕ್ಕಳಿಗೋ ದೇಹ ಅಥವಾ ಮನಸ್ಸಿಗೆ ಗಂಭೀರ ಅಪಾಯವಿದ್ದರೆ ಬೇರೆಯಾಗಲು ನ್ಯಾಯಯುತ ಕಾರಣವಿದೆಯೆಂದು ಒಪ್ಪುತ್ತದೆ. ತಡಮಾಡಿದರೆ ಅಪಾಯವೆಂದಾದರೆ ಯಾರ ಅನುಮತಿಗೂ ಕಾಯಬೇಕಿಲ್ಲ. ಕೆಲವೊಮ್ಮೆ ಬೇರೆಯಾಗುವುದು ನೈತಿಕವಾಗಿಯೇ ಅಗತ್ಯವಾಗುತ್ತದೆಂದು ಜಗದ್ಗುರು ಫ್ರಾನ್ಸಿಸರೂ 2016ರ 'ಅಮೋರಿಸ್ ಲೆತಿತ್ಸಿಯಾ'ದಲ್ಲಿ ಬರೆದರು.

ಕ್ಷಮೆಯ ಮಾತನ್ನೂ ನಾವು ತೀರಾ ಬೇಗ ಎತ್ತುತ್ತೇವೆ. ಕ್ಷಮೆ ದೇವರ ಕೃಪೆಯಿಂದ ಅದರ ಕಾಲಕ್ಕೆ ಬರುವಂಥದ್ದು; ದೂರನ್ನು ಹಿಂತೆಗೆಸುವ ಸಾಧನವಲ್ಲ. ಕ್ಷಮಿಸಿದವರೂ ನ್ಯಾಯಾಲಯಕ್ಕೆ ಹೋಗಬಹುದು. ಜುಲೈ 6ರಂದು ಸಂತ ಮರಿಯಾ ಗೊರೆಟ್ಟಿಯ ಹಬ್ಬದ ಪ್ರಬೋಧನೆ ಮಾಡುವಾಗಲೂ ಎಚ್ಚರಿಕೆ ಇರಲಿ. ಶುದ್ಧತೆಗಾಗಿ ಪ್ರಾಣ ಕೊಟ್ಟಳೆಂದಷ್ಟೇ ಹೇಳಿದರೆ, ಬದುಕಿ ಉಳಿದ ಹುಡುಗಿ ಬೆಂಚಿನಲ್ಲಿ ಕುಳಿತು ಏನೆಂದುಕೊಳ್ಳಬೇಕು? ಕ್ರಿ.ಶ. 410ರಲ್ಲಿ ರೋಮ್ ಸೂರೆಯಾದಾಗ ಬಲಾತ್ಕಾರಕ್ಕೊಳಗಾದ ಕ್ರೈಸ್ತ ಸ್ತ್ರೀಯರ ಕುರಿತು ಸಂತ ಅಗಸ್ಟೀನರು 'ದೇವನಗರಿ'ಯ ಮೊದಲ ಗ್ರಂಥದಲ್ಲೇ ವಾದಿಸಿದರು: ಮನಸ್ಸು ಒಪ್ಪದೆ ನಡೆದದ್ದರಿಂದ ಅವರ ಶುದ್ಧತೆಗೆ ಕುಂದಿಲ್ಲ. ಹದಿನಾರು ಶತಮಾನಗಳ ಬಳಿಕವೂ ಇದನ್ನು ವಿವರಿಸಬೇಕಾಗಿದೆ.

ದೌರ್ಜನ್ಯ ಎಸಗಿದವರು ಧರ್ಮಸಭೆಯ ಸೇವಕರೇ ಆದರೆ? ಜಗದ್ಗುರು ಫ್ರಾನ್ಸಿಸರು 2019ರ ಮೇ ತಿಂಗಳಲ್ಲಿ ಹೊರಡಿಸಿ 2023ರಲ್ಲಿ ಪರಿಷ್ಕರಿಸಿದ 'ವೋಸ್ ಎಸ್ತಿಸ್ ಲೂಕ್ಸ್ ಮುಂದಿ' ಆದೇಶದಂತೆ ಧರ್ಮಗುರುಗಳೂ ಧರ್ಮಭಗಿನಿಯರೂ ತಿಳಿದುಬಂದದ್ದನ್ನು ಧರ್ಮಸಭೆಯ ಅಧಿಕಾರಿಗಳಿಗೆ ವರದಿ ಮಾಡಲೇಬೇಕು. ದೂರಿತ್ತವರ ಮೇಲೆ ಮೌನ ಹೇರುವಂತಿಲ್ಲ. ಇದು ಪೋಕ್ಸೋ ಕಾಯ್ದೆಗೆ ಬದಲಿಯಲ್ಲ. ಧರ್ಮಾಧ್ಯಕ್ಷರಿಗೆ ಪತ್ರ ಬರೆದ ಮಾತ್ರಕ್ಕೆ ಪೊಲೀಸರಿಗೆ ತಿಳಿಸುವ ಕರ್ತವ್ಯ ತೀರುವುದಿಲ್ಲ. ಪಾಪನಿವೇದನೆಯ ಮುದ್ರೆಯನ್ನು ಒಡೆಯುವಂತಿಲ್ಲ ನಿಜ. ಆದರೆ ಅಲ್ಲಿ ನೋವು ಹೇಳಿಕೊಂಡ ಮಗುವಿಗೆ, ಇದು ನಿನ್ನ ಪಾಪವಲ್ಲ, ಹೊರಗೆ ನೀನು ನಂಬುವ ದೊಡ್ಡವರೊಬ್ಬರಿಗೆ ಹೇಳು ಎಂದು ಒತ್ತಾಯಿಸಲು ಗುರುಗಳಿಗೆ ಅಡ್ಡಿಯಿಲ್ಲ.

ನೊಂದವರ ಗುರುತು ಹೊರಗೆಡಹುವುದು ಅಪರಾಧ. ವಾಳೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ "ಈ ಕುಟುಂಬಕ್ಕಾಗಿ ಪ್ರಾರ್ಥಿಸಿ" ಎಂದು ಹೆಸರು ಹಾಕುವುದೂ ಸಲ್ಲದು.

ಮೊದಲ ವಾರದಲ್ಲಿ ಬರುವವರು ಹಲವರು. ಪ್ರಕರಣ ವಿಚಾರಣೆಗೆ ಬರುವ ಹೊತ್ತಿಗೆ ಕುಟುಂಬದ ಬಳಿ ಯಾರೂ ಉಳಿದಿರುವುದಿಲ್ಲ. ಬೆಳುವಾಯಿಯಿಂದ ಮಂಗಳೂರಿನ ನ್ಯಾಯಾಲಯಕ್ಕೆ ಸುಮಾರು 40 ಕಿ.ಮೀ.; ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನ ಖರ್ಚು ಬೇರೆ, ದಿನಾಂಕ ಮುಂದೆ ಹೋದರೆ ಮತ್ತೆ ಬರಬೇಕು. ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಆ ಖರ್ಚನ್ನು ಸದ್ದಿಲ್ಲದೆ ವಹಿಸಿಕೊಳ್ಳಬಹುದು. ಸ್ತ್ರೀ ಸಂಘಟನೆಯ ಒಬ್ಬರು ಪ್ರತಿ ಬಾರಿಯೂ ಜೊತೆಗೆ ಹೋಗಿ ಕೋರ್ಟಿನ ಹೊರಗಿನ ಬೆಂಚಿನಲ್ಲಿ ತಾಯಿಯ ಪಕ್ಕ ಕುಳಿತುಕೊಳ್ಳಬಹುದು.