‘ಕಿಲ್ -9’ ಹಾಕಿದರೆ ಫೋನ್ ಹಗುರಾಗುತ್ತಾ?

“ಟರ್ಮಕ್ಸ್ ಆ್ಯಪ್ ತೆರೆದು ‘ಕಿಲ್ -9 -1’ ಎಂದು ಟೈಪ್ ಮಾಡಿ, ಹಿಂದೆ ಓಡುತ್ತಿರುವ ಆ್ಯಪ್‌ಗಳೆಲ್ಲ ನಿಲ್ಲುತ್ತವೆ” ಎಂಬಂಥ ಸಲಹೆ ನಿಮ್ಮ ಗುಂಪಿಗೂ ಬಂದರೆ, ಮುಂದಕ್ಕೆ ಕಳಿಸುವ ಮೊದಲು ಸ್ವಲ್ಪ ತಡೆಯಿರಿ. ರೂಟ್ ಮಾಡದ ಫೋನಿನಲ್ಲಿ ಇದರಿಂದ ಏನೂ ಆಗದು. ಬಿಟಿಎಂ ಲೇಔಟ್‌ನ ಪಿಜಿಯಲ್ಲಿ ಕೂತ ಹುಡುಗ ತನ್ನ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಹಾಕಿದರೆ ಮಾತ್ರ ಆಗುತ್ತದೆ. ತೊಂದರೆ ಇರುವುದೇ ಅಲ್ಲಿ.

ಕಿಲ್ ಎಂಬ ಹೆಸರೇ ದಾರಿ ತಪ್ಪಿಸುವಂಥದ್ದು. ಯೂನಿಕ್ಸ್ ಮತ್ತು ಲಿನಕ್ಸ್‌ನಲ್ಲಿ ಅದರ ಕೆಲಸ, ಓಡುತ್ತಿರುವ ಪ್ರೋಗ್ರಾಂಗೆ ಒಂದು ಸಿಗ್ನಲ್ ಕಳಿಸುವುದು ಅಷ್ಟೇ. ಯಾವ ಸಿಗ್ನಲ್ ಎಂದು ಹೇಳದಿದ್ದರೆ 15ನೆಯದು ಹೋಗುತ್ತದೆ. ಜಯನಗರ 4ನೇ ಬ್ಲಾಕಿನ ಅಂಗಡಿಯವರಿಗೆ ರಾತ್ರಿ “ಬಾಗಿಲು ಹಾಕಿ ಸ್ವಾಮಿ” ಎಂದ ಹಾಗೆ ಇದು. ಅವರು ಕೈಯಲ್ಲಿದ್ದ ಬಿಲ್ ಮುಗಿಸಿ, ಗಲ್ಲಾ ಎಣಿಸಿ, ಆಮೇಲೆ ಷಟರ್ ಎಳೆಯುತ್ತಾರೆ. ಪ್ರೋಗ್ರಾಂ ಕೂಡ ಅರ್ಧ ಬರೆದ ಫೈಲನ್ನು ಪೂರ್ತಿ ಮಾಡಿ ಹೊರಡಬಹುದು. 9 ಹಾಗಲ್ಲ. ಅಂಗಡಿಯವನಿಗೆ ಹೇಳದೆಯೇ ಷಟರ್ ಬೀಳುತ್ತದೆ. ಈ ಸಿಗ್ನಲನ್ನು ಯಾವ ಪ್ರೋಗ್ರಾಂ ಕೂಡ ತಡೆಯಲಾರದು, ಅದಕ್ಕೆ ಸಿದ್ಧವಾಗಲೂ ಆಗದು.

ಇನ್ನು ಕೊನೆಯ ‘-1’. ಅದರ ಅರ್ಥ, ನನಗೆ ಅಧಿಕಾರವಿರುವ ಎಲ್ಲ ಪ್ರೋಗ್ರಾಂಗಳಿಗೂ ಕಳಿಸು ಎಂದು. ಲ್ಯಾಪ್‌ಟಾಪ್‌ನಲ್ಲಿ ಬ್ರೌಸರ್, ಎಡಿಟರ್ ಎಲ್ಲ ಒಂದೇ ಏಟಿಗೆ ಹೋಗಿ ಲಾಗಿನ್ ಪರದೆ ಬರುತ್ತದೆ. ಸೇವ್ ಮಾಡದ ಪ್ರಾಜೆಕ್ಟ್ ವರದಿ ಹೋಯಿತು ಅಂತಲೇ ಲೆಕ್ಕ. ಫೋನಿನಲ್ಲಿ ಆಂಡ್ರಾಯ್ಡ್ ಪ್ರತಿ ಆ್ಯಪ್‌ಗೂ ಬೇರೆ ಬೇರೆ ಬಳಕೆದಾರ ಸಂಖ್ಯೆ ಕೊಟ್ಟಿರುವುದರಿಂದ ಟರ್ಮಕ್ಸ್‌ಗೆ ಇತರ ಆ್ಯಪ್‌ಗಳ ಮೇಲೆ ಅಧಿಕಾರವಿಲ್ಲ. ಮುಚ್ಚಿಕೊಳ್ಳುವುದು ಟರ್ಮಕ್ಸ್ ಒಂದೇ!

ಶೆಲ್ ಸ್ಕ್ರಿಪ್ಟ್ ಬರೆಯುವವರು ಮೊದಲು 15 ಕಳಿಸಿ, ಹತ್ತು ಸೆಕೆಂಡ್ ಕಾಯಲಿ. ‘ಕಿಲ್ -0’ ಯಾವ ಸಿಗ್ನಲನ್ನೂ ಕಳಿಸದೆ, ಆ ಪ್ರೋಗ್ರಾಂ ಇನ್ನೂ ಇದೆಯೇ ಎಂದಷ್ಟೇ ನೋಡುತ್ತದೆ. ಇದ್ದರೆ ಆಗ 9. ಒಂದು ಎಚ್ಚರ: ಪ್ರೋಗ್ರಾಂ ಮುಗಿದ ಮೇಲೆ ಅದರ ಸಂಖ್ಯೆ ಮುಂದೆ ಬೇರೊಂದಕ್ಕೆ ಸಿಗಬಹುದು. ನಿನ್ನೆ ಫೈಲಿನಲ್ಲಿ ಬರೆದಿಟ್ಟ ಸಂಖ್ಯೆಗೆ ಇವತ್ತು 9 ಕಳಿಸಿದರೆ ಸಂಬಂಧವೇ ಇಲ್ಲದ ಪ್ರೋಗ್ರಾಂ ಬಲಿಯಾದೀತು. ಆ ಸಂಖ್ಯೆ ಈಗ ಯಾವುದರದ್ದು ಎಂದು ‘ಪಿಎಸ್’ನಲ್ಲಿ ನೋಡಿಕೊಳ್ಳಿ.

ಫೋನಿನಲ್ಲಿ ಮೆಮೊರಿ ಕಡಿಮೆಯಾದಾಗ ಸದ್ಯಕ್ಕೆ ಬೇಡದ ಆ್ಯಪ್‌ಗಳನ್ನು ಆಂಡ್ರಾಯ್ಡ್ ತಾನೇ ನಿಲ್ಲಿಸುತ್ತದೆ. ಒಂದೇ ಆ್ಯಪ್ ಸಿಕ್ಕಿಹಾಕಿಕೊಂಡಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್ ತೆರೆದು ಫೋರ್ಸ್ ಸ್ಟಾಪ್ ಒತ್ತಿದರಾಯಿತು.